ಯೂರಿಯಾನಾ, ಮೆಲಮೈನಾ? ಕಾರ್ಬನ್ ನೈಟ್ರೈಡ್ ಮಾಡಲು ಯಾವುದು ವಾಸಿ

ಬರೀ ಕಾರ್ಬನ್ ಮತ್ತು ನೈಟ್ರೋಜನ್ ಇರುವ ಸಂಯುಕ್ತಗಳಲ್ಲಿ ಬಹಳಷ್ಟು ಒಂದೋ ವಿಷ, ಇಲ್ಲ ಸಿಡಿಯುವಂಥವು. ಸಯನೋಜೆನ್ ಅನಿಲವನ್ನು ಗೇ-ಲ್ಯುಸಾಕ್ 1815ರಲ್ಲೇ ತಯಾರಿಸಿದ. ನನಗಂತೂ ಆ ಆಸೆ ಇಲ್ಲ. ಡೈಸಯನೋಅಸಿಟಿಲೀನ್ ಆಕ್ಸಿಜನ್‌ನಲ್ಲಿ ಉರಿದರೆ ಜ್ವಾಲೆ ಸುಮಾರು 5,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅದನ್ನು ಓದಿ ಖುಷಿಪಟ್ಟರೆ ಸಾಕು.

ಮಾಮೂಲಿ ಲ್ಯಾಬಿನಲ್ಲಿ ಧೈರ್ಯವಾಗಿ ಕೈ ಹಾಕಬಹುದಾದದ್ದು ಗ್ರಾಫೈಟಿಕ್ ಕಾರ್ಬನ್ ನೈಟ್ರೈಡ್, ಅಂದರೆ ಗ್ರಾಫೈಟ್‌ನಂತೆ ಪದರಪದರವಾಗಿರುವ ಹಳದಿ ಪುಡಿ. ಲೆಕ್ಕಕ್ಕೆ ಮೂರು ಕಾರ್ಬನ್‌ಗೆ ನಾಲ್ಕು ನೈಟ್ರೋಜನ್. ನಿಜದಲ್ಲಿ ಅಂಚುಗಳಲ್ಲಿ ಚೂರು ಹೈಡ್ರೋಜನ್ ಉಳಿದೇ ಉಳಿಯುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲೇ ಇದು ನೀರಿನಿಂದ ಹೈಡ್ರೋಜನ್ ಬಿಡಿಸುತ್ತದೆ ಎಂದು 2009ರಲ್ಲಿ ರಸಾಯನ ವಿಜ್ಞಾನಿ ಆಂಟೋನಿಯೆಟಿಯ ತಂಡ ತೋರಿಸಿದ ಮೇಲೆ ಎಲ್ಲರೂ ಇದರ ಹಿಂದೆ ಬಿದ್ದರು.

ಮಾಡುವ ವಿಧಾನ ಸುಲಭ. ಮುಚ್ಚಳವಿರುವ ಕ್ರೂಸಿಬಲ್ (ಕಾವು ತಡೆಯುವ ಪುಟ್ಟ ಪಾತ್ರೆ), 550 ಡಿಗ್ರಿ, ಕೆಲವು ಗಂಟೆ. ಒಳಗೆ ಏನು ಹಾಕಬೇಕು ಅನ್ನುವುದೇ ಪ್ರಶ್ನೆ.

ನೈಟ್ರೋಜನ್ ತುಂಬಿದ ಬಿಳಿ ಪುಡಿ ಮೆಲಮೈನ್, ಸಾಧು ಪ್ರಾಣಿ. ಹಾಕಿದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ವಾಪಸ್ ಬರುತ್ತದೆ. ಸಿಗುವುದು ಗಾಢ ಹಳದಿಯ ಗಟ್ಟಿ ಗಡ್ಡೆ, ಖಲಬತ್ತಿನಲ್ಲಿ ಚೆನ್ನಾಗಿ ಅರೆಯಬೇಕು. ಮುಚ್ಚಳ ಸಡಿಲವಿದ್ದರೆ ಮೆಲಮೈನ್ ಕರಗದೆ ನೇರ ಆವಿಯಾಗಿ ಫರ್ನೇಸ್ ಗೋಡೆಗೆ ಬಿಳಿ ಪದರವಾಗಿ ಅಂಟುತ್ತದೆ. ಹಾಗಾಗಿ ಮುಚ್ಚಳದ ವಿಷಯದಲ್ಲಿ ಜಿಪುಣತನ ಬೇಡ. ಬೆಳಕಿನ ಕೆಲಸ ನಡೆಯುವ ಮೇಲ್ಮೈ ವಿಸ್ತೀರ್ಣ ಮಾತ್ರ ಬಹಳ ಕಡಿಮೆ, ಗ್ರಾಂಗೆ 10 ಚದರ ಮೀಟರ್ ಆಸುಪಾಸು.

ಯೂರಿಯಾದ ಕಥೆಯೇ ಬೇರೆ. 133 ಡಿಗ್ರಿಗೆ ಕರಗಿ, ಆಮೇಲೆ ನೊರೆಯೆದ್ದು ಉಕ್ಕುತ್ತದೆ. ಕ್ರೂಸಿಬಲ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಅಮೋನಿಯಾ ಮೂಗಿಗೆ ಹೊಡೆಯುತ್ತದೆ, ಫ್ಯೂಮ್ ಹುಡ್ ಇಲ್ಲದೆ ಈ ಕೆಲಸವೇ ಬೇಡ. ಕೊನೆಗೆ ಮುಚ್ಚಳ ತೆಗೆದರೆ ತಳದಲ್ಲಿ ತೆಳು ಹಳದಿಯ, ಅರಳೆಯಂಥ ಪುಡಿ. ಸ್ಪ್ಯಾಚುಲಾ ತಾಗಿಸಿದರೆ ಅದಕ್ಕೇ ಅಂಟಿಕೊಳ್ಳುತ್ತದೆ, ಉಸಿರು ಬಿಟ್ಟರೆ ಹಾರುತ್ತದೆ. 10 ಗ್ರಾಂ ಹಾಕಿದರೆ ಅರ್ಧ ಗ್ರಾಂ ಸಿಕ್ಕರೆ ಪುಣ್ಯ. ಯಾಕೆ ಹೀಗೆ ಅಂದರೆ, ಆರು ಯೂರಿಯಾ ಅಣು ಸೇರಿ ಒಂದು ಮೆಲಮೈನ್ ಆಗಬೇಕು. ಉಳಿದದ್ದು ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಅದರ ಮೇಲೆ ಅರ್ಧ ದಾರಿಯಲ್ಲಿ ಆವಿಯಾಗಿ ತಪ್ಪಿಸಿಕೊಳ್ಳುವುದೂ ಇದೆ. ಆದರೆ ಪುಡಿಯನ್ನು ಉಬ್ಬಿಸಿ ತೆಳುವಾಗಿಸುವುದೂ ಇದೇ ಅನಿಲಗಳು. ಮೇಲ್ಮೈ ಮೆಲಮೈನ್‌ನದಕ್ಕಿಂತ ಹಲವು ಪಟ್ಟು.

ಇದೇ ಬಗೆಯ ಇನ್ನೊಂದು ಕಚ್ಚಾವಸ್ತು ಡೈಸಯನ್‌ಡೈಅಮೈಡ್ ಕೂಡ ನೋಡಿದೆ. ಮೆಲಮೈನ್‌ಗಿಂತ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಥಯೋಯೂರಿಯಾ ಬಿಡಿ, ಕೊಳೆತ ಮೊಟ್ಟೆಯ ವಾಸನೆ, ಆ ಹೈಡ್ರೋಜನ್ ಸಲ್ಫೈಡ್ ವಿಷ ಬೇರೆ.

ಎಕ್ಸ್‌ಆರ್‌ಡಿಯಲ್ಲಿ, ಅಂದರೆ ಎಕ್ಸ್-ಕಿರಣ ಹಾಯಿಸಿ ಪದರಗಳ ಜೋಡಣೆ ನೋಡುವ ಪರೀಕ್ಷೆಯಲ್ಲಿ, ಯೂರಿಯಾ, ಮೆಲಮೈನ್ ಎರಡರ ಪುಡಿಗೂ ಒಂದೇ ಮುಖ. 27.4 ಡಿಗ್ರಿಯಲ್ಲಿ ದೊಡ್ಡ ಪೀಕ್, 13ರ ಹತ್ತಿರ ಸಣ್ಣದು. ಅದನ್ನು ನೋಡಿ ಗೆದ್ದವರು ಯಾರು ಎಂದು ಹೇಳಲಾಗದು. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣಕ್ಕೆ ಹಾಕಿ ಬೆಳಕು ಬಿಟ್ಟು, ಬಣ್ಣ ಎಷ್ಟು ಬೇಗ ಹೋಗುತ್ತದೆ ಎಂದು ನೋಡಿದಾಗ ಗೊತ್ತಾಗುತ್ತದೆ. ಮೊದಲು ಕತ್ತಲಲ್ಲಿ ಅರ್ಧ ಗಂಟೆ ಕಲಕಿ. ಇಲ್ಲದಿದ್ದರೆ ಪುಡಿ ಬಣ್ಣವನ್ನು ಸುಮ್ನೆ ಹೀರಿಕೊಂಡದ್ದನ್ನೇ ಬೆಳಕಿನ ಕೆಲಸ ಅಂದುಕೊಳ್ಳುತ್ತೀರಿ. ಒಂದೇ ತೂಕ ತೆಗೆದುಕೊಂಡರೆ ಯೂರಿಯಾದ ಪುಡಿ ಬಣ್ಣವನ್ನು ಬೇಗ ತೆಗೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎಲ್ಇಡಿ 450 ನ್ಯಾನೊಮೀಟರ್‌ನದಾದರೆ ಈ ಅಂತರ ಕಡಿಮೆಯಾಗುತ್ತದೆ. ಮೆಲಮೈನ್ ಪುಡಿ ಸುಮಾರು 460ರವರೆಗೆ ಬೆಳಕು ಹೀರುತ್ತದೆ, ತೆಳು ಬಣ್ಣದ ಯೂರಿಯಾದ್ದು ಅಷ್ಟು ದೂರ ಹೋಗುವುದಿಲ್ಲ.

ಇಲ್ಲೇ ನನ್ನ ತಕರಾರು. ಎಲ್ಲರೂ ಪುಡಿಯ ತೂಕಕ್ಕೆ ಹೋಲಿಸುತ್ತಾರೆ. ಕ್ರೂಸಿಬಲ್‌ಗೆ ಹಾಕಿದ ತೂಕಕ್ಕೆ ಹೋಲಿಸಿ ನೋಡಿ. ಯೂರಿಯಾ ಪುಡಿ ನಾಲ್ಕು ಪಟ್ಟು ಚುರುಕು ಎಂದೇ ಇಟ್ಟುಕೊಳ್ಳೋಣ. ಸಿಗುವುದು ಮೆಲಮೈನ್‌ನಿಂದ ಸಿಗುವುದರ ಹತ್ತನೇ ಒಂದು ಭಾಗ, ಅಲ್ವಾ? ಹಾಗಾದರೆ ಗೆದ್ದದ್ದು ಮೆಲಮೈನ್. ಗಡ್ಡೆಯನ್ನು ಅರೆದು ತಟ್ಟೆಯಲ್ಲಿ ತೆಳ್ಳಗೆ ಹರಡಿ, 500 ಡಿಗ್ರಿಗೆ ಗಾಳಿಯಲ್ಲಿ ಮತ್ತೆ ಕಾಯಿಸಿದರೆ ಅದೂ ಯೂರಿಯಾದ ಪುಡಿಯಂತೆ ಹಗುರಾಗುತ್ತದೆ. ಆದರೆ ಆಗ ಬಹುಪಾಲು ಸುಟ್ಟುಹೋಗುತ್ತದೆ, ಇಳುವರಿಯ ಲಾಭ ಅಲ್ಲಿಗೆ ಮುಗಿಯಿತು.

ಕೆಲವೇ ಮಿಲಿಗ್ರಾಂ ಸಾಕಾಗುವ ಬೆಳಕಿನ ಪ್ರಯೋಗಕ್ಕೆ ನಾನು ಯೂರಿಯಾ ಹಾಕುತ್ತೇನೆ. ಗಾಜಿಗೆ ಬಳಿಯಲು ಗ್ರಾಂಗಟ್ಟಲೆ ಬೇಕಾದರೆ ಮೆಲಮೈನ್, ಎರಡನೇ ಸಲ ಕಾಯಿಸುವ ಗೋಜಿಗೆ ಹೋಗದೆ.