ರಿಕ್ವೆಸ್ಟ್‌ಗಳೂ ಗಿಟ್‌ಗೆ ಬಂದವು: ಬ್ರೂನೊ ಜೊತೆ ಆರು ತಿಂಗಳು

ಪಾವತಿ ಎಪಿಐಯ (ತಂತ್ರಾಂಶಗಳು ಪರಸ್ಪರ ಮಾತಾಡುವ ದಾರಿ) ಪರೀಕ್ಷೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಸರ್ವರ್ ಕೋಡ್ ಜಾಲಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ನೋಡಿದರೆ, ತಂಡದವರೆಲ್ಲ ಹಂಚಿಕೊಂಡಿದ್ದ ಕಲೆಕ್ಷನ್‌ನಲ್ಲಿ, ಅಂದರೆ ಸರ್ವರ್‌ಗೆ ಕಳುಹಿಸುವ ರಿಕ್ವೆಸ್ಟ್‌ಗಳ ಕಂತೆಯಲ್ಲಿ, ಯಾರೋ ಒಂದು ಹೆಡರ್ (ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿಯ ಸಾಲು) ಅಳಿಸಿದ್ದರು. ಯಾರೆಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಆ ವಾರವೇ ಬ್ರೂನೊ ಹಾಕಿಕೊಂಡೆ.

ಇದು ಎಪಿಐಗೆ ರಿಕ್ವೆಸ್ಟ್ ಕಳುಹಿಸಿ ಪರೀಕ್ಷಿಸುವ ಮುಕ್ತ ತಂತ್ರಾಂಶ. ಒಂದೊಂದು ರಿಕ್ವೆಸ್ಟ್‌ಗೂ ಒಂದೊಂದು ಪಠ್ಯ ಕಡತ. ಕಲೆಕ್ಷನ್ ಎಂದರೆ ಒಂದು ಫೋಲ್ಡರ್, ಅಷ್ಟೇ. ಖಾತೆ ತೆರೆಯುವ ಗೋಜಿಲ್ಲ. ಆ ಫೋಲ್ಡರನ್ನು ಸರ್ವರ್ ಕೋಡ್ ಇರುವ ಗಿಟ್ (ಕಡತಗಳ ಬದಲಾವಣೆಗಳನ್ನು ದಾಖಲಿಸುವ ವ್ಯವಸ್ಥೆ) ರೆಪೊಸಿಟರಿಯಲ್ಲೇ ಇಟ್ಟಿದ್ದೇವೆ. ಮೂರು ತಿಂಗಳ ಹಿಂದಿನ ಆವೃತ್ತಿಗೆ ಹೋದರೆ ಅಂದಿನ ರಿಕ್ವೆಸ್ಟ್‌ಗಳೂ ಜೊತೆಗೇ ಬರುತ್ತವೆ.

ಅದರದೇ ‘ಬ್ರೂ’ ಬರವಣಿಗೆಯನ್ನು ಮೊದಲು ಕಂಡಾಗ ಸಿಡುಕಿದ್ದೆ. ಇನ್ನೊಂದು ಭಾಷೆ ಏಕೆ, ದತ್ತಾಂಶ ಬರೆಯಲು ಎಲ್ಲೆಡೆ ಬಳಸುವ ಜೇಸನ್ ಸಾಲದೇ? ಸಾಲದು. ಹಳೆಯ ಉಪಕರಣ ರಫ್ತು ಮಾಡಿಕೊಡುತ್ತಿದ್ದ ಜೇಸನ್‌ನಲ್ಲಿ ರಿಕ್ವೆಸ್ಟ್‌ನ ಬಾಡಿ (ಕಳುಹಿಸುವ ಮುಖ್ಯ ದತ್ತಾಂಶ) ಒಂದೇ ಉದ್ದ ಸಾಲು, ಪ್ರತಿ ಉದ್ಧರಣ ಚಿಹ್ನೆಗೂ ಒಂದು ಬ್ಯಾಕ್‌ಸ್ಲ್ಯಾಶ್. ಇಲ್ಲಿ ಬಾಡಿ ಬರೆದ ಹಾಗೆಯೇ ಉಳಿಯುತ್ತದೆ. ಹೆಡರ್ ಒಂದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ ಸಾಲಿನ ಮುಂದೆ ಒಂದು ಟಿಲ್ಡೆ (~) ಬೀಳುತ್ತದೆ. ಕಳೆದ ತಿಂಗಳು ನಾನೇ ಹಾಗೆ ನಿಲ್ಲಿಸಿ, ಮರೆತು, ಕಮಿಟ್ ಮಾಡಿ ಗಿಟ್‌ನಲ್ಲಿ ದಾಖಲಿಸಿದ್ದೆ. ರಿವ್ಯೂ ಮಾಡಿದ ಸಹೋದ್ಯೋಗಿ ಆ ಒಂದೇ ಚಿಹ್ನೆಯ ಪಕ್ಕದಲ್ಲಿ ‘ಇದು ಬೇಕೆಂದೇ ಮಾಡಿದ್ದೇ?’ ಎಂದು ಬರೆದಿದ್ದರು. ನಾಚಿಕೆಯಾಯಿತು, ಖುಷಿಯೂ ಆಯಿತು.

ಬಿಲ್ಡ್‌ನಲ್ಲಿ (ಕೋಡನ್ನು ಜೋಡಿಸಿ ಪರೀಕ್ಷಿಸುವ ಹಂತ) ಕಲೆಕ್ಷನ್‌ನ ರಿಕ್ವೆಸ್ಟ್‌ಗಳನ್ನು ನಡೆಸುವ ‘ಬ್ರೂ ರನ್’ ಆದೇಶ ಓಡಿಸುತ್ತೇವೆ. ಒಂದು ಅಸರ್ಟ್ (ಉತ್ತರ ಹೀಗೇ ಇರಬೇಕೆಂಬ ತಪಾಸಣೆ) ತಪ್ಪಿದರೂ ಬಿಲ್ಡ್ ಮುಂದೆ ಹೋಗುವುದಿಲ್ಲ. ಗುಂಡಿ, ಕಿಟಕಿ ಯಾವುದೂ ಬೇಡ ಎನ್ನುವವರು ಹರ್ಲ್ ನೋಡಬಹುದು. ಅದು ಲಿಬ್‌ಕರ್ಲ್ ಎಂಬ ದತ್ತಾಂಶ ವರ್ಗಾವಣೆ ಲೈಬ್ರರಿಯ ಮೇಲೆ ನಿಂತ ಅಪ್ಪಟ ಕಮಾಂಡ್ ಲೈನ್ ಉಪಕರಣ.

ಗುಪ್ತ ಎಂದು ಗುರುತಿಸಿದ ವೇರಿಯಬಲ್‌ಗಳ ಹೆಸರು ಮಾತ್ರ ಕಡತಕ್ಕೆ ಇಳಿಯುತ್ತದೆ, ಮೌಲ್ಯ ಇಳಿಯುವುದಿಲ್ಲ. ಆದರೆ ಟೋಕನ್ನನ್ನು (ಪ್ರವೇಶದ ಗುಪ್ತ ಕೀಲಿ) ನೇರವಾಗಿ ಹೆಡರ್‌ಗೇ ಅಂಟಿಸಿದಿರೋ, ಅದು ಗಿಟ್‌ಗೂ ಹೋಯಿತೆಂದೇ ತಿಳಿಯಿರಿ.

ನನ್ನ ತಕರಾರು ಕ್ರಮಸಂಖ್ಯೆಯದು. ರಿಕ್ವೆಸ್ಟ್ ಸಾಲಿನಲ್ಲಿ ಎಷ್ಟನೆಯದು ಎಂದು ಹೇಳುವ ಅದು ಪ್ರತಿ ಕಡತದ ತಲೆಯಲ್ಲಿ ಇರುತ್ತದೆ. ಒಂದು ರಿಕ್ವೆಸ್ಟನ್ನು ಎಳೆದು ಮೇಲಿಟ್ಟರೆ ನೆರೆಹೊರೆಯ ಕಡತಗಳೂ ಬದಲಾಗಿ ರಿವ್ಯೂ ತುಂಬ ಗದ್ದಲ. ಇನ್ನು, ಗಿಟ್ ಮುಟ್ಟದವರಿಗೆ ಇದು ಒಗ್ಗುವುದಿಲ್ಲ. ನಮ್ಮ ಉತ್ಪನ್ನ ವಿಭಾಗದವರು ಇಂದಿಗೂ ‘ಲಿಂಕ್ ಕಳುಹಿಸಿ’ ಎನ್ನುತ್ತಾರೆ. ರೆಪೊಸಿಟರಿಯನ್ನು ಕ್ಲೋನ್ (ನಕಲು) ಮಾಡಿಕೊಳ್ಳಿ ಎಂದರೆ ಮುಖ ಸಪ್ಪಗಾಗುತ್ತದೆ.

ಐದಕ್ಕೆ ನಾಲ್ಕು. ಉಳಿದ ಒಂದನ್ನು ಆ ಕ್ರಮಸಂಖ್ಯೆಯೇ ತಿಂದಿದೆ.