ಕೌದಿಗೆ ಬಣ್ಣ ಜೋಡಿಸಲು ಯಾವುದು ಒಳ್ಳೆಯದು: ವಿದೇಶಿ ಬಂಡಲ್, ಕೈಅಚ್ಚಿನ ಬಟ್ಟೆ, ಮ್ಯಾಚಿಂಗ್ ಸೆಂಟರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಮ್ಯಾಚಿಂಗ್ ಸೆಂಟರ್‌ನ ಟೂ ಬೈ ಟೂ ರುಬಿಯಾ. ಬ್ಲೌಸಿಗೆಂದು ನಾವೆಲ್ಲ ತೆಗೆದುಕೊಳ್ಳುವ ಅದೇ ಬಟ್ಟೆ. ಕೌದಿಗಾಗಲಿ ಕ್ವಿಲ್ಟಿಗಾಗಲಿ ಬಣ್ಣ ಜೋಡಿಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಅದರ ನಂತರ ಕೈಅಚ್ಚಿನ ಬಟ್ಟೆ. ಎಲ್ಲಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ತರಿಸಿದ ವಿದೇಶಿ ಬಂಡಲ್ ಕೊನೆಗೆ ಬರುತ್ತದೆ. ಬಂಡಲ್‌ನ ಬಟ್ಟೆ ಕೆಟ್ಟದ್ದು ಅಂತಲ್ಲ. ನೇಯ್ಗೆ ಒತ್ತಾಗಿತ್ತು, ಬಣ್ಣ ಗಟ್ಟಿಯಾಗಿತ್ತು. ತೊಂದರೆ ಬಂದದ್ದು ಬೇರೆ ಕಡೆ.

ಅಣ್ಣನ ಮಗಳ ಮದುವೆಗೆ ಒಂದು ಕೌದಿ ಹೊಲಿದುಕೊಡಬೇಕಿತ್ತು. ಒಳಪದರಕ್ಕೆ ಅವ್ವನ ಹಳೆಯ ಇಳಕಲ್ ಸೀರೆಗಳು, ಮೇಲೆ ಎಂಟು ಮೂಲೆಯ ನಕ್ಷತ್ರಗಳು. ಮೇಲಿನ ಪದರಕ್ಕೆ ಮೊದಲು ತರಿಸಿದ್ದು ಫ್ಯಾಟ್ ಕ್ವಾರ್ಟರ್ ಬಂಡಲ್. ಅಂದರೆ ಒಂದೇ ಕಲೆಕ್ಷನ್‌ಗೆ ಸೇರಿದ ಬೇರೆ ಬೇರೆ ಪ್ರಿಂಟುಗಳು, ಒಂದೊಂದೂ ಸುಮಾರು 18 ಇಂಚಿಗೆ 22 ಇಂಚಿನ ತುಂಡು. ಆಮೇಲೆ ಅಜ್ರಖ್ ಮತ್ತು ಬಗ್ರು, ಎರಡೂ ಮರದ ಅಚ್ಚಿನಿಂದ ಕೈಯಲ್ಲಿ ಮುದ್ರಿಸಿದ ಬಟ್ಟೆ. ಕಡೆಗೆ ರುಬಿಯಾ.

ಬಂಡಲ್ ಬಿಚ್ಚಿದ ದಿನ ಮನೆಯವರೆಲ್ಲ ಕೂತು ನೋಡಿದೆವು. ಗುಲಾಬಿ, ಹಸಿರು, ನೀಲಿ, ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದುತ್ತಿದ್ದವು ಅಂದರೆ ಕತ್ತರಿಸಲು ಮನಸ್ಸೇ ಬರಲಿಲ್ಲ. ಒಂದು ನಕ್ಷತ್ರ ಹೊಲಿದೆ. ಕೈಯಲ್ಲಿ ಹಿಡಿದು ನೋಡಿದರೆ ಚೆಂದ. ಗೋಡೆಗೆ ಪಿನ್ ಹಾಕಿ ಕೋಣೆಯ ಆ ತುದಿಗೆ ಹೋಗಿ ನೋಡಿದರೆ ನಕ್ಷತ್ರವೇ ಇಲ್ಲ! ಹೂವಿನ ಒಂದು ಚೌಕ ಮಾತ್ರ. ಇನ್ನೊಂದು ಜೋಡಿ ಬಟ್ಟೆ ತೆಗೆದುಕೊಂಡು ಇನ್ನೊಂದು ಹೊಲಿದೆ. ಅದೂ ಹಾಗೇ. ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದಾಗ ಕಾರಣ ಗೊತ್ತಾಯಿತು. ಗುಲಾಬಿ, ಹಸಿರು, ನೀಲಿ ಮೂರೂ ಒಂದೇ ಬೂದು ಬಣ್ಣ.

ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಣ್ಣ ಹೊಂದುತ್ತದೋ ಇಲ್ಲವೋ ಅಂತ ನೋಡುವಾಗ ನಾವು ಇದನ್ನೇ ಬಿಟ್ಟುಬಿಡುತ್ತೇವೆ. ಒಂದು ಬಣ್ಣಕ್ಕೆ ಹೆಸರು ಮಾತ್ರ ಇರುವುದಲ್ಲ, ತಿಳಿಯೋ ಗಾಢವೋ ಅನ್ನುವುದೂ ಇರುತ್ತದೆ. ತುಂಡು ಜೋಡಿಸಿ ಮಾಡುವ ವಿನ್ಯಾಸ ಕಣ್ಣಿಗೆ ಎದ್ದು ಕಾಣುವುದು ಈ ತಿಳಿ–ಗಾಢದ ವ್ಯತ್ಯಾಸದಿಂದ, ಬಣ್ಣದ ಹೆಸರಿನಿಂದ ಅಲ್ಲ. ಕಡು ನೀಲಿಯ ಪಕ್ಕ ತಿಳಿ ನೀಲಿ ಇಟ್ಟರೆ ನಕ್ಷತ್ರ ಸ್ಪಷ್ಟವಾಗಿ ಕಾಣುತ್ತದೆ, ಬಣ್ಣ ಒಂದೇ ಆದರೂ. ರಾಣಿ ಪಿಂಕ್ ಪಕ್ಕ ರಾಮಾ ಗ್ರೀನ್ ಇಟ್ಟರೆ ಬಣ್ಣ ಪೂರ್ತಿ ಬೇರೆ, ಆದರೂ ಅಂಚು ನಿಲ್ಲುವುದಿಲ್ಲ. ಎರಡೂ ಒಂದೇ ಮಟ್ಟದ್ದಾದರೆ ಅವು ಸೇರುವ ಗೆರೆ ಕಣ್ಣಲ್ಲಿ ನಡುಗಿದಂತೆ ಆಗುತ್ತದೆ.

ಬಂಡಲ್‌ಗಳಲ್ಲಿ ಹೀಗಾಗಲು ಅವುಗಳನ್ನು ರೂಪಿಸುವ ರೀತಿಯೇ ಕಾರಣ. ಒಂದು ಕಲೆಕ್ಷನ್‌ನಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ ಪ್ರಿಂಟ್ ಇರುತ್ತದೆ, ದೊಡ್ಡ ಹೂವೋ ಹಕ್ಕಿಯೋ. ಅದರಲ್ಲಿನ ಬಣ್ಣಗಳನ್ನೇ ತೆಗೆದು ನಡು ಗಾತ್ರದ ಕೆಲವು ಪ್ರಿಂಟು, ಆಮೇಲೆ ಚುಕ್ಕಿ, ಗೆರೆ, ಎಲೆಯಂಥ ಸಣ್ಣವು. ಇವನ್ನು ಬ್ಲೆಂಡರ್ ಅನ್ನುತ್ತಾರೆ. ಒಂದೊಂದು ಪ್ರಿಂಟೂ ಎರಡು ಮೂರು ಬಣ್ಣದ ಜೋಡಣೆಯಲ್ಲಿ ಬರುತ್ತದೆ. ಎಲ್ಲದಕ್ಕೂ ಅದೇ ನಾಲ್ಕಾರು ಬಣ್ಣ ಬಳಸುವುದರಿಂದ ಹೊಂದಾಣಿಕೆ ತಪ್ಪುವ ಮಾತೇ ಇಲ್ಲ. ಮಡಿಸಿ ರಿಬ್ಬನ್ ಕಟ್ಟಿ ಅಂಗಡಿಯಲ್ಲಿಟ್ಟರೆ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ನಾನು ತರಿಸಿದ ಬಂಡಲ್‌ನಲ್ಲಿ ಹೆಚ್ಚಿನವೆಲ್ಲ ನಡುಮಟ್ಟದ್ದೇ. ನಿಜವಾಗಿ ಗಾಢ ಅನ್ನಬಹುದಾದ್ದು ಒಂದೇ ಒಂದು, ನಿಜವಾಗಿ ತಿಳಿಯಾದದ್ದು ಹುಡುಕಿದರೂ ಇಲ್ಲ.

ಅದರಲ್ಲಿ ಬಿಳಿ ನೆಲದ ಮೇಲೆ ಕೆಂಪು ಹೂವಿನ ಒಂದು ಬಟ್ಟೆ ಇತ್ತು, ಅದನ್ನೇ ತಿಳಿ ಬಟ್ಟೆಯಾಗಿ ಹಾಕೋಣ ಅಂತ ನೋಡಿದೆ. ಆಗಲಿಲ್ಲ. ಸಣ್ಣ ಪ್ರಿಂಟು ದೂರದಿಂದ ಬಿಡಿಬಿಡಿಯಾಗಿ ಕಾಣುವುದಿಲ್ಲ, ಬಣ್ಣಗಳು ಕಣ್ಣಲ್ಲೇ ಬೆರೆತುಹೋಗುತ್ತವೆ. ಬಿಳಿ ಕೆಂಪು ಸೇರಿ ಗುಲಾಬಿ ಕಾಣುತ್ತದೆ, ಅಂದರೆ ಮತ್ತೆ ನಡುಮಟ್ಟವೇ. ಬಟ್ಟೆಯನ್ನು ಕೈಯಲ್ಲಿ ಹಿಡಿದು ಬಣ್ಣ ತೀರ್ಮಾನ ಮಾಡಬಾರದು, ಏಳೆಂಟು ಅಡಿ ದೂರ ಇಟ್ಟು ಕಣ್ಣು ಕಿರಿದು ಮಾಡಿ ನೋಡಬೇಕು.

ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿಯನ್ನು ಒಮ್ಮೆ ನೋಡಿ, ಅದೂ ಕೌದಿಯ ಥರದ್ದೇ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯವರು. ಹಳೆಯ ಸೀರೆ, ಅಂಗಿ, ಲಂಗ, ಸಿಕ್ಕಿದ ಬಟ್ಟೆಯನ್ನೆಲ್ಲ ಹಾಕುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಹೂ ಇಡುತ್ತಾರೆ. ಒಂದು ತುಂಡಿಗೂ ಇನ್ನೊಂದಕ್ಕೂ ಹೊಂದಾಣಿಕೆ ಇರಬೇಕು ಅನ್ನುವ ಹಟವಿಲ್ಲ. ಆದರೂ ದೂರದಿಂದ ಅದರ ಸೊಗಸೇ ಬೇರೆ, ಯಾಕೆಂದರೆ ಕಡು ಬಣ್ಣದ ಪಕ್ಕದಲ್ಲೇ ತಿಳಿಯದ್ದು ಧೈರ್ಯವಾಗಿ ಕೂತಿರುತ್ತದೆ. ನನ್ನ ದುಬಾರಿ ಬಂಡಲ್‌ನಲ್ಲಿ ಇಲ್ಲದಿದ್ದದ್ದು ಇದೇ.

ಬಂಡಲ್‌ನ ಇನ್ನೊಂದು ತಲೆನೋವು, ಅಂಚಿಗೆ ಬಟ್ಟೆ ಸಾಲಲಿಲ್ಲ. ಅದೇ ಪ್ರಿಂಟು ಮತ್ತೆ ತರಿಸೋಣ ಅಂದರೆ ಆ ಕಲೆಕ್ಷನ್ ಮುಗಿದುಹೋಗಿತ್ತು. ಇವು ಸಾಮಾನ್ಯವಾಗಿ ಒಂದು ಸಲ ಮುದ್ರಿಸಿ ಮಾರುವಂಥವು, ಆಮೇಲೆ ಹೊಸದು ಬರುತ್ತದೆ.

ಕೈಅಚ್ಚಿನ ಬಟ್ಟೆಯ ಕಥೆ ಬೇರೆ. ಕಚ್ಛದ ಅಜ್ರಖ್‌ನಲ್ಲಿ ನೀಲಿ, ಕೆಂಪು, ಕಪ್ಪು, ಬಿಳಿ ಇಷ್ಟೇ ಮುಖ್ಯ. ಕಡಿಮೆ ಬಣ್ಣ, ಆದರೆ ಗಾಢ ಮತ್ತು ತಿಳಿ ಎರಡೂ ಅದರಲ್ಲೇ ಇವೆ. ಜೈಪುರದ ಹತ್ತಿರದ ಬಗ್ರು ಬಟ್ಟೆಯ ತಿಳಿ ಕಂದು ನೆಲ ಅಜ್ರಖ್ ಪಕ್ಕಕ್ಕೆ ಸೊಗಸಾಗಿ ಕೂಡುತ್ತದೆ. ಬೇರೆ ಬೇರೆ ಕಡೆ ಕೊಂಡರೂ ಹೊಂದುತ್ತವೆ, ಯಾಕೆಂದರೆ ಹಳೆಯ ಪದ್ಧತಿಯಲ್ಲಿ ಬಣ್ಣ ಹಾಕಿದವಾದರೆ ಬಣ್ಣದ ಮೂಲಗಳು ಹೆಚ್ಚುಕಡಿಮೆ ಅವೇ: ನೀಲಿ ಗಿಡ, ಮಂಜಿಷ್ಠ, ಕಬ್ಬಿಣದ ಕಪ್ಪು. ನನಗೆ ಇದು ಬಹಳ ಇಷ್ಟ. ಆದರೆ ಮದುವೆ ಹುಡುಗಿಗೆ ಹಳದಿ, ಗಿಳಿ ಹಸಿರು ಬೇಕಿತ್ತು, ಅದು ಇಲ್ಲಿ ಸಿಗಲಿಲ್ಲ. ಇನ್ನೊಂದು, ಇಂಡಿಗೋ ನೀಲಿ ನೂಲಿನ ಮೇಲ್ಮೈಯಲ್ಲೇ ಜಾಸ್ತಿ ಇರುವುದರಿಂದ ಒಣಗಿದ ಬಟ್ಟೆಯನ್ನು ಉಜ್ಜಿದರೂ ಬಿಳಿಗೆ ಹತ್ತುತ್ತದೆ. ಕತ್ತರಿಸುವ ಮೊದಲೇ ತಣ್ಣೀರಿನಲ್ಲಿ ಒಗೆಯುತ್ತಲೇ ಇರಬೇಕು, ನೀರು ತಿಳಿಯಾಗುವವರೆಗೆ. ಆಮೇಲೆ ಒದ್ದೆ ಬಿಳಿ ಕರ್ಚೀಫಿನಿಂದ ತಿಕ್ಕಿ ನೋಡಿ.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ಮ್ಯಾಚಿಂಗ್ ಸೆಂಟರ್‌ನ ಗೋಡೆ ನೋಡಿದ್ದೀರಲ್ಲ? ಗಂಧದ ಬಣ್ಣದಿಂದ ಶುರುವಾಗಿ ಬಿಸ್ಕೆಟ್, ಈರುಳ್ಳಿ ಬಣ್ಣ, ಮಾವಿನ ಹಳದಿ, ಸಾಸಿವೆ, ರಾಣಿ, ಮಜೆಂಟಾ, ಮೆರೂನ್, ರಾಮಾ ಗ್ರೀನ್, ಬಾಟಲ್ ಗ್ರೀನ್, ನೇವಿ ಬ್ಲೂ. ಒಂದೊಂದು ಬಣ್ಣದಲ್ಲೂ ತಿಳಿಯಿಂದ ಗಾಢದವರೆಗೆ ಸಾಲಾಗಿ. ಹೊರದೇಶದ ಕ್ವಿಲ್ಟ್ ಹೊಲಿಯುವವರು ಬರೀ ಬಣ್ಣಗಳ ಮಾದರಿ ಕಾರ್ಡಿಗೇ ದುಡ್ಡು ಕೊಡುತ್ತಾರೆ. ನಮಗೆ ಇಡೀ ಗೋಡೆಯೇ ಎದುರಿಗಿದೆ. ಸೀರೆ ತೋರಿಸಿದರೆ ಸರಿಯಾದ ಬಣ್ಣ ತೆಗೆದು ಮುಂದಿಡುವ, ಕಣ್ಣು ಪಳಗಿದ ಅಂಗಡಿಯವರೂ ಇರುತ್ತಾರೆ.

ನಾನು ಹೋದದ್ದು ಒಂದೂವರೆ ಮೀಟರ್ ಕಲಂಕಾರಿ ಹಿಡಿದುಕೊಂಡು. ಅದೇ ಮುಖ್ಯ ಪ್ರಿಂಟು. ಮಿಲ್ಲಿನ ಪ್ರಿಂಟಾದರೆ ಬಟ್ಟೆಯ ಕರೆಯಂಚಿನಲ್ಲಿ ಎಷ್ಟೋ ಸಲ ಬಣ್ಣದ ಚುಕ್ಕಿಗಳ ಸಾಲು ಇರುತ್ತದೆ, ಮುದ್ರಿಸಲು ಬಳಸಿದ ಒಂದೊಂದು ಬಣ್ಣಕ್ಕೆ ಒಂದೊಂದು ಚುಕ್ಕಿ. ಬಣ್ಣ ಆರಿಸಲು ಅದು ತುಂಬ ಸಹಾಯ. ನನ್ನ ಬಟ್ಟೆಗೆ ಚುಕ್ಕಿ ಇರಲಿಲ್ಲ, ಹೂವಿನ ಬಣ್ಣಗಳನ್ನೇ ನೋಡಿ ಹೇಳಿದೆ. ಅಂಗಡಿಯಾತ ನಾಲ್ಕೈದು ತಾನು (ಬಟ್ಟೆಯ ಸುರುಳಿ) ಬಿಚ್ಚಿ ಹಾಸಿ, "ಅಕ್ಕಾರ, ಬಾಗಲಿಗೆ ತಂದು ನೋಡ್ರಿ, ಲೈಟಿನ್ಯಾಗ ಖರೇ ಬಣ್ಣ ಗೊತ್ತಾಗಂಗಿಲ್ಲ" ಅಂದ. ಬೆಳಕಿಗೆ ತಂದರೆ ಒಳಗೆ ಒಂದೇ ಥರ ಕಂಡಿದ್ದ ಎರಡು ಹಸಿರಲ್ಲಿ ಒಂದು ನೀಲಿಯ ಕಡೆ ಹೋಗಿತ್ತು. ಬ್ಲೌಸ್ ಪೀಸಿಗೆ ನಾವು ಮಾಡುವ ಈ ಕೆಲಸವನ್ನು ಕೌದಿಗೂ ಮಾಡಲೇಬೇಕು.

ಪ್ರಿಂಟಿನಲ್ಲಿರುವ ಬಣ್ಣಕ್ಕೆ ಸರಿಯಾಗಿ ಅದೇ ಬಣ್ಣ ತೆಗೆದುಕೊಳ್ಳಬೇಡಿ. ಪೂರ್ತಿ ಒಂದೇ ಆದರೆ ಪ್ರಿಂಟು ಮಂಕಾಗುತ್ತದೆ. ಒಂದು ಮೆಟ್ಟಿಲು ಗಾಢ ಅಥವಾ ಒಂದು ಮೆಟ್ಟಿಲು ತಿಳಿ ತಗೊಳ್ಳಿ. ನನ್ನ ಸೆಟ್ ಹೀಗಿತ್ತು: ಕಲಂಕಾರಿಯ ಮೆರೂನ್‌ಗಿಂತ ಗಾಢವಾದ ಮೆರೂನ್, ಹಿನ್ನೆಲೆಗೆ ಗಂಧದ ಬಣ್ಣ, ನಡುಮಟ್ಟಕ್ಕೆ ಸಾಸಿವೆ ಮತ್ತು ಮಾಸಲು ಹಸಿರು, ಅಲ್ಲಲ್ಲಿ ಸ್ವಲ್ಪವೇ ಸ್ವಲ್ಪ ಗಿಳಿ ಹಸಿರು. ಹಿನ್ನೆಲೆಗೆ ಹಾಲುಬಿಳಿ ಹಾಕಲಿಲ್ಲ, ಕಲಂಕಾರಿಯ ಪಕ್ಕ ಅದು ಕಣ್ಣಿಗೆ ಹೊಡೆಯುತ್ತದೆ. ಎಲ್ಲವನ್ನೂ ಕೌಂಟರ್ ಮೇಲೆ ಒಂದರ ಮೇಲೊಂದು ಜೋಡಿಸಿ ಕಪ್ಪು ಬಿಳುಪು ಫೋಟೋ ತೆಗೆದೆ. ಗಾಢ, ನಡು, ತಿಳಿ ಮೂರೂ ಬೇರೆ ಬೇರೆ ಕಂಡ ಮೇಲೆಯೇ ಕತ್ತರಿಸಲು ಹೇಳಿದ್ದು. ಈ ಸಲ ನಕ್ಷತ್ರ ಕೋಣೆಯ ಆ ತುದಿಯಿಂದಲೂ ಕಂಡಿತು.

ಬಣ್ಣದ ಸೆಟ್ ಹೊಳೆಯದಿದ್ದರೆ ಕಪಾಟಿನಿಂದ ಒಂದು ಇಳಕಲ್ ಸೀರೆ ತೆಗೆದು ನೋಡಿ. ಕಡು ಮೈ, ಕೆಂಪು ಅಂಚು, ಸೆರಗಿನಲ್ಲಿ ಬಿಳಿ ಪಟ್ಟಿ. ಯಾವುದು ಎಷ್ಟು ಇರಬೇಕು ಅನ್ನುವುದನ್ನೂ ನೇಕಾರರು ಆಗಲೇ ತೀರ್ಮಾನ ಮಾಡಿಟ್ಟಿದ್ದಾರೆ.

ರುಬಿಯಾದಲ್ಲಿ ಕೊರತೆ ಇಲ್ಲವೇ ಇಲ್ಲ ಅಂತಲ್ಲ. ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ, ನಾನು ತಂದದ್ದು ಸುಮಾರು 36 ಇಂಚು. ಬಂಡಲ್ ತುಂಡುಗಳನ್ನು ಕತ್ತರಿಸುವ ತಾನಿನ ಪನ್ನ 42ರಿಂದ 44 ಇಂಚು, ಹಾಗಾಗಿ ಲೆಕ್ಕ ಬದಲಾಗುತ್ತದೆ. ಬಟ್ಟೆ ತೆಳು, ತಿಳಿ ಬಣ್ಣದ ಕೆಳಗೆ ಗಾಢ ಬಟ್ಟೆಯ ಹೊಲಿಗೆಯಂಚು ಕಾಣುತ್ತದೆ, ಅದನ್ನು ಗಾಢದ ಕಡೆಗೇ ಮಡಿಸಿ ಇಸ್ತ್ರಿ ಮಾಡಬೇಕು. ತ್ರಿಕೋನ ಕತ್ತರಿಸುವಾಗ ಎಳೆದುಕೊಳ್ಳುತ್ತದೆ. ಅದಕ್ಕೆ ನಾನು ಮೊದಲೇ ಒಗೆದು ಅಕ್ಕಿ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟುಕೊಳ್ಳುತ್ತೇನೆ, ಕಾಗದದಷ್ಟು ನೆಟ್ಟಗೆ ನಿಲ್ಲುತ್ತದೆ. ರುಬಿಯಾ ಅಂತ ಹೇಳಿ ಪಾಲಿಯೆಸ್ಟರ್ ಬೆರಸಿದ್ದೂ ಕೊಡುತ್ತಾರೆ. ನಾಲ್ಕು ಎಳೆ ಎಳೆದು ಸುಟ್ಟು ನೋಡಿ: ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಆದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಬಿಟ್ಟುಬಿಡಿ.

ದುಡ್ಡಿನ ಮಾತು. ವಿದೇಶಿ ಕ್ವಿಲ್ಟಿಂಗ್ ಕಾಟನ್ ಇಲ್ಲಿಗೆ ಬರುವಷ್ಟರಲ್ಲಿ ಮೀಟರಿಗೆ ಸಾವಿರ ರೂಪಾಯಿ ದಾಟುತ್ತದೆ. ಒಳ್ಳೆಯ ಕೈಅಚ್ಚಿನ ಬಟ್ಟೆ ಅದರ ಅರ್ಧಕ್ಕೆ ಸಿಗುತ್ತದೆ. ರುಬಿಯಾ ನನಗೆ ನೂರು ನೂರೈವತ್ತರ ಒಳಗೆ ಸಿಕ್ಕಿತು. ಮಂಚದ ಅಳತೆಯ ಕೌದಿಗೆ ಐದಾರು ಮೀಟರ್ ಬೇಕೇ ಬೇಕು. ವ್ಯತ್ಯಾಸ ನೀವೇ ಲೆಕ್ಕ ಹಾಕಿ.

ನಾನು ಹೊಲಿಯುವುದು ಕೈಯಲ್ಲಿ, ಉದ್ದಕ್ಕೆ ಓಡುವ ಸಾದಾ ಹೊಲಿಗೆ, ಒಳಗೆ ಎರಡು ಮೂರು ಪದರ ಸೀರೆ. ಒತ್ತು ನೇಯ್ಗೆಯ ಬಂಡಲ್ ಬಟ್ಟೆಯಲ್ಲಿ ತುಂಡುಗಳು ಕೂಡುವ ಜಾಗದಲ್ಲಿ ಸೂಜಿ ತಳ್ಳಿ ತಳ್ಳಿ ಬೆರಳು ನೋಯುತ್ತಿತ್ತು. ರುಬಿಯಾದಲ್ಲಿ ಸೂಜಿ ಹಾಯಾಗಿ ಹೋಗುತ್ತದೆ. ನೀವು ಮಷೀನಿನಲ್ಲಿ ಹೊಲಿಯುವವರಾದರೆ ಬಂಡಲ್ ಬಟ್ಟೆ ಜಾರದೆ, ಎಳೆಯದೆ ಹೇಳಿದ ಹಾಗೆ ಕೇಳುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಮಗುವಿನ ಸಣ್ಣ ಹೊದಿಕೆಗೆ, ಬರೀ ಚೌಕಗಳನ್ನು ಜೋಡಿಸುವ ಸರಳ ವಿನ್ಯಾಸಕ್ಕೆ ಬಂಡಲ್ ತಗೊಂಡರೆ ತಪ್ಪಿಲ್ಲ. ಅಲ್ಲಿ ನಕ್ಷತ್ರ ಎದ್ದು ಕಾಣಬೇಕು ಅನ್ನುವ ಚಿಂತೆ ಇರುವುದಿಲ್ಲ. ಆದರೆ ಅದರ ಜೊತೆಗೆ ಒಂದು ಮೀಟರ್ ಗಾಢ ಪ್ಲೇನ್, ಒಂದು ಮೀಟರ್ ತಿಳಿ ಪ್ಲೇನ್ ತಂದಿಟ್ಟುಕೊಳ್ಳಿ.

ರುಬಿಯಾ ತರುವವರು ಅಂಚಿಗೂ ಪಟ್ಟಿಗೂ ಬೇಕಾದ ಬಟ್ಟೆಯನ್ನು ಮೊದಲ ದಿನವೇ ಸೇರಿಸಿ, ಒಂದೇ ತಾನಿನಿಂದ ಕತ್ತರಿಸಿಕೊಂಡು ಬನ್ನಿ. ತಾನು ಬದಲಾದರೆ ಅದೇ ನಂಬರಿನ ಮೆರೂನ್ ಕೂಡ ಒಂದು ಗುಲಗಂಜಿಯಷ್ಟು ಬೇರೆಯಾಗಿರುತ್ತದೆ, ಪಕ್ಕಪಕ್ಕ ಹೊಲಿದ ಮೇಲೆ ಅದು ಕಂಡೇ ಕಾಣುತ್ತದೆ.