ನೇತ್ರಾಣಿ ಡೈವಿಂಗ್: ನೀರಿನಲ್ಲಿ ಒಂಬತ್ತು, ದಡದಲ್ಲಿ ಮೂರು

ಶಿರಸಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳಿಗೆ ಅಂಕ ಹಾಕುವ ಚಟ ಹೋಗುವುದಿಲ್ಲ. ಡಿಸೆಂಬರಿನಲ್ಲಿ ತಂಗಿಯ ಮಗನ ಒತ್ತಾಯಕ್ಕೆ ದೇವಿಮನೆ ಘಟ್ಟ ಇಳಿದು ಮುರುಡೇಶ್ವರಕ್ಕೆ ಹೋಗಿ, ತಲೆಗೆ 5,000 ರೂಪಾಯಿ ತೆತ್ತು ಸ್ಕೂಬಾ ಡೈವಿಂಗ್ ಮಾಡಿ ಬಂದೆ. ನಾವು ಚಿಕ್ಕವರಿದ್ದಾಗ ಅಲ್ಲಿಗೆ ಹೋಗುತ್ತಿದ್ದದ್ದು ದೇವರ ದರ್ಶನಕ್ಕೆ. ಈಗ ವಸತಿಗೃಹದ ಹುಡುಗ ಕೀಲಿಕೈ ಕೊಡುವ ಮೊದಲೇ ‘ಡೈವಿಂಗಿಗೆ ಬಂದವರೇ?’ ಎಂದು ಕೇಳುತ್ತಾನೆ.

ದಡದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ಅರ್ಧ ದಾರಿಗೇ ನನ್ನ ಹೊಟ್ಟೆ ತೊಳಸತೊಡಗಿತು. ‘ನೀರು ನೋಡಬೇಡಿ ಅಕ್ಕ, ದೂರದ ಗುಡ್ಡ ನೋಡಿ’ ಎಂದ ದೋಣಿ ನಡೆಸುವ ತಾಂಡೇಲ. ಮೊದಲು ಮೀನಿಗೆ ಹೋಗುತ್ತಿದ್ದವನು, ಈಗ ಪ್ರವಾಸಿಗರನ್ನು ಒಯ್ಯುತ್ತಾನೆ. ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತದೆ; ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ‘ಆಗ ಎರಡೂ ಕಿಸೆ ಖಾಲಿ’ ಎಂದು ನಕ್ಕ.

ಡೈವಿಂಗ್ ಕಲಿಸಿದ ಹುಡುಗನಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕನ್ನಡಕದ ಗಾಜಿಗೆ ಉಗುಳಿ ಉಜ್ಜಿಕೊಳ್ಳಿ, ಮಂಜು ಕಟ್ಟುವುದಿಲ್ಲ ಎಂದ. ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಬೆನ್ನ ಮೇಲಿನ ಸಿಲಿಂಡರಿನಲ್ಲಿರುವುದು ಆಮ್ಲಜನಕವಲ್ಲ, ಒತ್ತಿ ತುಂಬಿದ ಬರೀ ಗಾಳಿ. ಉಸಿರು ಮಾತ್ರ ಎಂದೂ ಹಿಡಿಯಬಾರದು. ಮೂರು ಮೀಟರ್ ಇಳಿಯುವುದರೊಳಗೆ ಕಿವಿಗೆ ದಬ್ಬಣ ಚುಚ್ಚಿದಂತಾಯಿತು. ಅವನು ಗಾಬರಿಯಾಗಲಿಲ್ಲ, ಗದರಲೂ ಇಲ್ಲ. ತುಸು ಮೇಲಕ್ಕೆ ತಂದು, ಮೂಗು ಹಿಡಿದು ಊದುವುದನ್ನು ತಾನೇ ಮಾಡಿ ತೋರಿಸಿ, ನಾನು ಊದುವವರೆಗೆ ಕಾದ. ಹತ್ತು ಮೀಟರಿನಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು ಎಂದು ಲೆಕ್ಕ ಗೊತ್ತಿದ್ದರೆ ಸಾಕೇ, ಕಿವಿಗೂ ತಿಳಿಯಬೇಕಲ್ಲ. ಆಮೇಲೆ ಬಂಡೆಯ ಬದಿಯಲ್ಲೊಂದು ಗಿಳಿಮೀನು ಹವಳವನ್ನು ಕಚ್ಚುತ್ತಿತ್ತು. ಆ ಕರಕರ ಸದ್ದು ನನಗೆ ಕೇಳಿಸಿತು. ಅಷ್ಟಕ್ಕೇ ಹಣ ಸಂದಿತು ಎನ್ನುತ್ತೇನೆ.

ದಡದ ಕಥೆ ಬೇರೆ. ಡೈವಿಂಗ್ ಕಚೇರಿಯಲ್ಲಿ ಆರೋಗ್ಯದ ಅರ್ಜಿಯನ್ನು ನಮ್ಮ ಪರವಾಗಿ ಅವರೇ ‘ಇಲ್ಲ, ಇಲ್ಲ’ ಎಂದು ತುಂಬಿ, ಸಹಿ ಮಾತ್ರ ಹಾಕಿಸಿಕೊಂಡರು. ನನ್ನ ರಕ್ತದೊತ್ತಡದ ಮಾತ್ರೆ ಕೈಚೀಲದಲ್ಲೇ ಇತ್ತು. ನಾನಾಗಿಯೇ ವೈದ್ಯರ ಚೀಟಿ ತಂದಿದ್ದೆ, ಅದನ್ನು ನೋಡುವವರಿರಲಿಲ್ಲ. ತಂಗಿಯ ಮಗನಿಗೆ ಅಂದೇ ರಾತ್ರಿ ಮಂಗಳೂರಿನಿಂದ ವಿಮಾನ. ಒಂದೇ ಸಲ ಮುಳುಗಿದರೂ ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ ಬಿಡಬೇಕು. ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಅಷ್ಟು ಹೊತ್ತು ಬೇಕು. ಬುಕಿಂಗ್ ಮಾಡುವಾಗ ಇದನ್ನು ಯಾರೂ ಕೇಳಲಿಲ್ಲ. ದೋಣಿಯಲ್ಲಿ ಹಿಂದಿರುಗುವಾಗ ಆ ಹುಡುಗನೇ ವಿಚಾರಿಸಿ ತಡೆದ. ಟಿಕೆಟ್ ಹಣ ನೀರುಪಾಲು. ಕಚೇರಿಯವರು ‘ಏನೂ ಆಗುವುದಿಲ್ಲ, ಎಲ್ಲರೂ ಹೋಗುತ್ತಾರೆ’ ಎಂದರು. ಮೂರು ಅಂಕ ಕೊಟ್ಟದ್ದೇ ಹೆಚ್ಚು, ಅದೂ ಅವರ ಚಹಾಕ್ಕೆ.

ಹೋಗುವುದಾದರೆ ಹೋಗಿ, ರಾತ್ರಿ ಮುರುಡೇಶ್ವರದಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ, ಅರ್ಜಿಯನ್ನು ನೀವೇ ತುಂಬಿ. ವಿಡಿಯೊಗೆಂದು ಪ್ರತ್ಯೇಕ ಹಣ ಕೊಡುವ ಮೊದಲು ಮಾತ್ರ ಯೋಚಿಸಿ. ನನ್ನದೆಂದು ಕಳಿಸಿದ ವಿಡಿಯೊದಲ್ಲಿ ದಪ್ಪ ಮೀಸೆಯ ಮಹನೀಯರೊಬ್ಬರು ಮೀನುಗಳಿಗೆ ಕೈಬೀಸುತ್ತಿದ್ದಾರೆ.